ನಮ್ಮದು ಮೋಟಾರಲ್ಲ, ಬೂಸ್ಟರ್

ಆಯುಧಪೂಜೆಯ ದಿನ ನಮ್ಮ ಮನೆಗೆ ಬಂದವರು ಒಂದು ಪ್ರಶ್ನೆ ಕೇಳದೆ ಹೋಗುವುದಿಲ್ಲ. ಸ್ಕೂಟರು, ಹೊಲಿಗೆ ಮಿಷಿನ್ನು, ಮಚ್ಚು, ಈಳಿಗೆಮಣೆ, ಇವುಗಳ ಸಾಲಿನ ಕೊನೆಯಲ್ಲಿ ತುಕ್ಕು ಹಿಡಿದ ಒಂದು ಪುಟ್ಟ ಪಂಪು ಕೂತಿರುತ್ತದೆ. ಅದಕ್ಕೂ ಮೂರು ಬೆರಳಿನ ವಿಭೂತಿ, ಮೇಲೊಂದು ಕುಂಕುಮ, ನೆತ್ತಿಯಲ್ಲಿ ಒಂದು ಸೇವಂತಿಗೆ. "ಇದು ಓಡ್ತದಾ?" ಎಂದು ಬಂದವರು ಕೇಳುತ್ತಾರೆ. ಓಡುವುದಿಲ್ಲ. ಅದು ಓಡಿದ್ದೇ ಒಟ್ಟು ನಾಲ್ಕು ತಿಂಗಳು. ಆ ನಾಲ್ಕು ತಿಂಗಳಲ್ಲಿ ಅದು ಮೇಲಕ್ಕೆತ್ತಿದ ನೀರಿಗಿಂತ ಕೆಳಕ್ಕಿಳಿಸಿದ ನನ್ನ ಮಾನವೇ ಹೆಚ್ಚು. ಗುಜರಿಗೆ ಹಾಕೋಣವೆಂದರೆ ನನ್ನ ಹೆಂಡತಿ ಗೌರಿ ಒಪ್ಪುವುದಿಲ್ಲ. "ನಮ್ಮಪ್ಪ ಕೊಟ್ಟದ್ದು" ಎನ್ನುತ್ತಾಳೆ. ಅವರಪ್ಪ ಕೊಟ್ಟದ್ದು ನೀರು ಶುದ್ಧ ಮಾಡುವ ಯಂತ್ರ, ಪಂಪು ಕೊಂಡವನು ನಾನು ಎಂಬ ತಿದ್ದುಪಡಿಯನ್ನು ಅಂದಿನಿಂದಲೂ ಸೂಚಿಸುತ್ತಲೇ ಇದ್ದೇನೆ. ಇನ್ನೂ ಅಂಗೀಕಾರವಾಗಿಲ್ಲ.

ಚಾಮರಾಜನಗರ ಜಿಲ್ಲೆಯಾದ ಹೊಸತು ಅದು. ನನ್ನ ಮಾವನವರಿಗೆ ಅಲ್ಲಿ ಅರಿಶಿನದ ವ್ಯಾಪಾರ. ಊರು ತಾಲ್ಲೂಕಾಗಿದ್ದಷ್ಟು ದಿನ ಅವರು ನಮ್ಮ ನಿಮ್ಮ ಹಾಗೆ ಇದ್ದವರೇ. ಜಿಲ್ಲೆಯಾದ ಮರುದಿನದಿಂದ ಜಿಲ್ಲಾಕೇಂದ್ರದವರಾದರು. ಗುಂಡ್ಲುಪೇಟೆಯ ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟ್ರಾಗಿದ್ದ ನಾನು, ಯಾವ ತಪ್ಪೂ ಮಾಡದೆ, ಅವರ ಕೈಕೆಳಗೆ ಬಂದವನಂತಾದೆ. ಹಬ್ಬಕ್ಕೆ ಹೋದರೆ ಎಲೆಯ ಮುಂದೆ ಕೂರಿಸಿ, "ನಿಮ್ ತಾಲ್ಲೂಕಲ್ಲಿ ನೀರು ಹೆಂಗದ ಅಳಿಯಂದ್ರೇ?" ಎಂದು ವಿಚಾರಣೆ ಶುರು ಮಾಡುವರು. ಬರಗಾಲದ ಅಧ್ಯಯನಕ್ಕೆ ಬಂದ ತಂಡದ ಮುಂದೆ ನಿಂತವನಂತೆ ನಾನು ಉತ್ತರ ಕೊಡುತ್ತಿದ್ದೆ.

ಅಂಥ ಒಂದು ಹಬ್ಬದಲ್ಲೇ ನಾನು ಆ ಯಂತ್ರವನ್ನು ಮೊದಲು ನೋಡಿದ್ದು. ಅಡಿಗೆಮನೆಯಲ್ಲಿರಬೇಕಾದದ್ದನ್ನು ಮಾವನವರು ಪಡಸಾಲೆಯಲ್ಲಿ, ತೀರಿಹೋದ ಹಿರಿಯರ ಪಟಗಳ ಪಕ್ಕದಲ್ಲಿ ತಗಲಿಹಾಕಿಸಿದ್ದರು. ಬಿಳಿ ಡಬ್ಬಿ, ಅದರೊಳಗೆ ನೂಲು ಸುತ್ತಿದ ಒಂದು ಕೊಳವೆ, ಇದ್ದಿಲಿನ ಇನ್ನೊಂದು ಕೊಳವೆ, ಕಣ್ಣಿಗೆ ಕಾಣದ ಬೆಳಕು ಬೀರುವ ಒಂದು ದೀಪ. ಬಂದವರಿಗೆಲ್ಲ ಒಂದೊಂದು ಲೋಟ ನೀರು ಹಿಡಿದು ಕೊಟ್ಟು, ಪೂರ್ತಿ ಕುಡಿಯುವ ತನಕ ಮುಖ ನೋಡುತ್ತ ನಿಲ್ಲುವರು. ನಾನೂ ಕುಡಿದೆ. "ಹೆಂಗದ?" ಎಂದರು. "ನೀರಿನ ಹಂಗೇ ಇದೆ" ಎಂದೆ. ಆ ಉತ್ತರ ಅವರಿಗೆ ಹಿಡಿಸಲಿಲ್ಲ. ನನ್ನ ನಾಲಿಗೆ ಇನ್ನೂ ತಾಲ್ಲೂಕು ಮಟ್ಟದಲ್ಲೇ ಇದೆ ಎಂದು ತೀರ್ಮಾನಿಸಿದರೆಂದು ಕಾಣುತ್ತದೆ.

ಚಾಮರಾಜನಗರಕ್ಕೆ ಕಾಲಿಟ್ಟ ಮುಖ್ಯಮಂತ್ರಿಗಳ ಕುರ್ಚಿ ಉಳಿಯುವುದಿಲ್ಲ ಎಂಬ ಮಾತನ್ನು ನೀವೂ ಕೇಳಿರುತ್ತೀರಿ. ಕುರ್ಚಿ ಇಲ್ಲದವರೂ ಅಲ್ಲಿಗೆ ಹೋಗುವಾಗ ಹುಷಾರಾಗಿರಬೇಕು ಎಂಬುದಕ್ಕೆ ನಾನು ಸಾಕ್ಷಿ. ಆ ಸಲ ವಾಪಸು ಬರುವಾಗ ಬಸ್ಸಿನಲ್ಲಿ ನನ್ನ ತೊಡೆಯ ಮೇಲೆ ಅಂಥದೇ ಒಂದು ಬಿಳಿ ಡಬ್ಬಿ ಕೂತಿತ್ತು. ಮಗಳು ತಾಲ್ಲೂಕಿನ ನೀರು ಕುಡಿದು ಹಾಳಾಗಬಾರದೆಂದು ಮಾವನವರು ಕೊಟ್ಟ ಉಡುಗೊರೆ. ತೆರಕಣಾಂಬಿ ದಾಟುವ ತನಕ ಪಕ್ಕದವರು ಅದನ್ನು ಟೇಪ್‌ರೆಕಾರ್ಡರ್ ಎಂದೇ ತಿಳಿದು ಹಾಡು ಹಾಕಲು ಹೇಳುತ್ತಿದ್ದರು.

ಇಲ್ಲಿ ನಮ್ಮ ಬೀದಿಯ ನಲ್ಲಿಗಳ ಬಗ್ಗೆ ಎರಡು ಮಾತು ಹೇಳಲೇಬೇಕು. ಮಾವನವರ ಮನೆಗೆ ತಾರಸಿಯ ಮೇಲೆ ತೊಟ್ಟಿ ಇತ್ತು, ನೀರು ಮೇಲಿಂದ ದಬದಬನೆ ಇಳಿಯುತ್ತಿತ್ತು. ನಮ್ಮದು ಹೆಂಚಿನ ಮನೆ, ಇಳಿಜಾರಿನ ಬೀದಿ. ಹಿಂದೆ ಅಲ್ಲಿ ನಲ್ಲಿಗಳು ಸೊಂಟದ ಎತ್ತರಕ್ಕೆ ಇದ್ದವಂತೆ. ನೀರಿನ ರಭಸ ತಗ್ಗಿದಂತೆ ಜನ ನಲ್ಲಿಯನ್ನೂ ತಗ್ಗಿಸಿದರು. ಮೊಣಕಾಲಿಗೆ ಇಳಿಯಿತು, ನೆಲಕ್ಕೆ ಇಳಿಯಿತು, ಕೊನೆಗೆ ನೆಲದೊಳಕ್ಕೆ ಹೋಯಿತು. ನಮ್ಮ ಕಾಲಕ್ಕೆ ನಲ್ಲಿ ಎಂದರೆ ಮನೆಯ ಮುಂದೆ ಒಂದು ಮೂರಡಿ ಗುಂಡಿ, ಇಳಿಯಲು ಎರಡು ಮೆಟ್ಟಿಲು, ತಳದಲ್ಲಿ ಒಂದು ಬೋಳು ಪೈಪಿನ ತುಂಡು. ತಿರುಗಿಸುವ ತಿರುಪು ಗಿರುಪು ಇಲ್ಲ. ಬೇಡವಾದಾಗ ಅದರ ಬಾಯಿಗೆ ಒಂದು ಮುಸುಕಿನ ಜೋಳದ ದಿಂಡನ್ನು ಜಡಿದರೆ ಮುಗಿಯಿತು. ಇನ್ನೂ ಹತ್ತು ವರ್ಷ ಹೀಗೇ ಅಗೆದಿದ್ದರೆ ನಮ್ಮ ಪೂರ್ವಜರು ತೋಡಿದ ಬಾವಿಯನ್ನೇ ನಾವು ಮತ್ತೆ ತೋಡಿ ಮುಗಿಸುತ್ತಿದ್ದೆವು.

ಆ ಪೈಪಿನ ಬಾಯಿಗೆ ಪ್ರತಿ ಮನೆಯವರೂ ಒಂದು ಬಟ್ಟೆ ಕಟ್ಟುತ್ತಿದ್ದರು, ನೀರು ಸೋಸಲು. ಬಟ್ಟೆ ನೋಡಿಯೇ ಯಾರ ಮನೆಯ ನಲ್ಲಿ ಎಂದು ಹೇಳಬಹುದಿತ್ತು. ನಮ್ಮದು ತೀರಿಹೋದ ಅಪ್ಪನ ಪಂಚೆಯ ಚೂರು. ನಮ್ಮ ಕೆಳಗಿನ ಮನೆಯ ನಂಜಕ್ಕನದು ಕೆಂಪಂಚಿನ ತೆಳ್ಳನೆಯ ಸೀರೆಯ ಚೂರು. ನನ್ನ ಅವ್ವನಿಗಂತೂ ಸೋಸದ ನೀರು ನೀರೇ ಅಲ್ಲ. ನಾನು ಚಿಕ್ಕವನಾಗಿದ್ದಾಗ, ಚಂದಕವಾಡಿಯಲ್ಲಿ, ಅವಳು ಲಿಂಗಪೂಜೆಗೆ ಬಾವಿಯಿಂದ ನೀರು ತರುವುದನ್ನು ನೋಡಲು ಹಿಂದೆಯೇ ಓಡುತ್ತಿದ್ದೆ. ಒದ್ದೆ ಸೀರೆ, ಬಾಯಿ ಬಿಡುವ ಹಾಗಿಲ್ಲ, ಬಿಂದಿಗೆಯ ಬಾಯಿಗೆ ನಾಲ್ಕು ಮಡಿಕೆ ಬಟ್ಟೆ. ಸೋಸಿಯಾದ ಮೇಲೆ ಬಟ್ಟೆಯನ್ನು ಬೋರಲು ಮಾಡಿ, ಅದರಲ್ಲಿ ಉಳಿದ ಹುಳುಹುಪ್ಪಟೆಯನ್ನು ಬಾವಿಗೇ ಜಾಲಿಸಿ ಬಿಡುವಳು. ಯಾಕೆ ಎಂದು ಕೇಳಿದರೆ, "ಬಂದ ಜಾಗಕ್ಕೇ ಬುಡ್ಬೇಕು ಕಣ್ಲಾ. ಅದು ನಿನ್ನ ಕೊಡಕ್ಕ ಬತ್ತೀನಿ ಅಂತ ಕೇಳ್ತಾ?" ಎನ್ನುವಳು. ಪೂಜೆಯ ನೀರನ್ನು ತಾನೇ ಸೋಸಬೇಕು, ಇನ್ನೊಬ್ಬರು ಸೋಸಿದ್ದು ನಡೆಯದು. ಸ್ವಂತ ಸೊಸೆ ಸೋಸಿದ್ದನ್ನೂ ಅವ್ವ ಮತ್ತೊಮ್ಮೆ ಸೋಸಿಕೊಳ್ಳುತ್ತಿದ್ದಳು.

ಇಂಥ ಮನೆಯ ಅಡಿಗೆಮನೆಯ ಗೋಡೆಗೆ ಜಿಲ್ಲಾಕೇಂದ್ರದ ಯಂತ್ರ ಏರಿತು. ಗುಂಡಿಯಿಂದ ಪೈಪು ಎಳೆಸಿ, ತಲೆಯ ಎತ್ತರಕ್ಕೆ ಜೋಡಿಸಿ, ಸ್ವಿಚ್ಚು ಹಾಕಿದೆ. ಕೆಂಪು ದೀಪ ಹತ್ತಿತು. ಜೊತೆಗೆ ಬಂದ ಪುಸ್ತಕ ತೆಗೆದು ನೋಡಿದರೆ, ಕೆಂಪು ದೀಪ ಎಂದರೆ ನೀರಿನ ಒತ್ತಡ ಸಾಲದು ಎಂದು ಅರ್ಥ. ನೀರು ತನ್ನ ಮಟ್ಟವನ್ನು ಮೀರಿ ತಾನಾಗಿ ಏರುವುದಿಲ್ಲ ಎಂದು ಎಷ್ಟೋ ವರ್ಷದಿಂದ ಕರಿಹಲಗೆಯ ಮೇಲೆ ಚಿತ್ರ ಬರೆದು ಪಾಠ ಮಾಡಿದವನು ನಾನು. ಮೂರಡಿ ಗುಂಡಿಯ ತಳದಲ್ಲಿ ತೊಟ್ಟಿಕ್ಕುವ ನೀರು ಆರಡಿ ಗೋಡೆಯನ್ನು ಏರುತ್ತದೆಂದು ನಂಬಿದ್ದು ಹೇಗೋ ತಿಳಿಯದು. ಪಾಠ ಶಾಲೆಗೆ, ಮನೆಗೆ ಬೇರೆ ಎಂದು ಒಳಗೆಲ್ಲೋ ಅಂದುಕೊಂಡಿದ್ದೆನೋ ಏನೋ.

ಪಂಪಿನ ಅಂಗಡಿಯವನು ನನ್ನ ಕಷ್ಟ ಕೇಳಿ ಒಂದು ಪುಟ್ಟ ಪೆಟ್ಟಿಗೆ ಮುಂದಿಟ್ಟ. "ಬೂಸ್ಟರ್ ಹಾಕ್ಬುಡಿ ಸಾ."

"ನಲ್ಲಿಗೆ ಮೋಟಾರ್ ಹಾಕಬಾರದು ಅಂತ ಕಾನೂನಿದೆಯಲ್ಲಪ್ಪ" ಎಂದೆ. ಕಾನೂನು ತಿಳಿದವನು ನಾನು.

"ಇದು ಮೋಟಾರಲ್ಲ ಸಾ, ಬೂಸ್ಟರು. ಫಿಲ್ಟರಿಂದೇ ಒಂದು ಪಾರ್ಟು ಅನ್ಕಳಿ."

ಎಂಥ ಸಮಾಧಾನದ ಮಾತು. ಕಳ್ಳ ತನ್ನನ್ನು ಕಳ್ಳ ಎಂದುಕೊಳ್ಳುವುದಿಲ್ಲವಂತೆ, ಸ್ವಲ್ಪ ಮುಂಚೆ ಎದ್ದವನು ಎಂದುಕೊಳ್ಳುತ್ತಾನಂತೆ. ನಾನು ಆ ಪೆಟ್ಟಿಗೆಯನ್ನು ಹೆಮ್ಮೆಯಿಂದಲೇ ಮನೆಗೆ ತಂದೆ.

ಆ ಪಂಪಿನದೊಂದು ಸ್ವಭಾವ. ಅದು ನೀರು ಕೊಡಬೇಕಾದರೆ ಮೊದಲು ಅದಕ್ಕೆ ಒಂದು ಚೊಂಬು ನೀರು ಕುಡಿಸಬೇಕು. ಕಚೇರಿಗಳಲ್ಲಿ ಓಡಾಡಿದವರಿಗೆ ಇದು ಹೊಸತಲ್ಲ. ಬೆಳಿಗ್ಗೆ ಆರಕ್ಕೆ ನೀರು ಬರುವ ಹೊತ್ತಿಗೆ ನಮ್ಮ ಗುಂಡಿಯ ಪೈಪಿನ ಬಾಯಿಗೆ ದಿಂಡು ಜಡಿದು, ಪಂಪಿಗೆ ನೀರು ಕುಡಿಸಿ, ಸ್ವಿಚ್ಚು ಹಾಕಿದರೆ ಗುಂಯ್ ಎಂದು ಶುರುವಾಗುತ್ತಿತ್ತು. ಗೋಡೆಯ ಮೇಲೆ ಹಸಿರು ದೀಪ. ದೇವರ ಮನೆಯ ನಂದಾದೀಪವನ್ನೂ ನಾನು ಅಷ್ಟು ಭಕ್ತಿಯಿಂದ ನೋಡಿದವನಲ್ಲ. ಎರಡು ಕೊಳಗ, ಮೂರು ಬಿಂದಿಗೆ, ಒಂದು ಹಂಡೆ ತುಂಬುತ್ತಿತ್ತು. ಹಂಡೆ ಯಾಕೆ ಎಂದು ನೀವು ಕೇಳಬಹುದು. ಅಷ್ಟು ಶುದ್ಧ ನೀರು ಬರುತ್ತಿರುವಾಗ ಸ್ನಾನಕ್ಕೆ ಅಶುದ್ಧ ನೀರು ಯಾಕೆ ಎಂದು ಗೌರಿ ಕೇಳಿದಳು. ನಾನೇ ಹಂಡೆ ತಂದಿಟ್ಟೆ.

ಅವ್ವ ಮಾತ್ರ ಯಂತ್ರದ ಮೂತಿಗೂ ಅಪ್ಪನ ಪಂಚೆಯ ಚೂರು ಕಟ್ಟಿದಳು. ನಾನು ತಾಳ್ಮೆಯಿಂದ ವಿವರಿಸಿದೆ: ನೂಲಿನಲ್ಲಿ ಸೋಸಿ, ಇದ್ದಿಲಿನಲ್ಲಿ ಸೋಸಿ, ಬೆಳಕಿನಲ್ಲಿ ಕ್ರಿಮಿ ಕೊಂದು ಬಂದ ನೀರಿದು.

"ನೀರ ಮಿಷಿನ್ನು ಸೋಸ್ತದ ಅಂತೀಯ. ಆ ಮಿಷಿನ್ನ ಯಾರ್ಲಾ ಸೋಸಿರದು?" ಎಂದಳು ಅವ್ವ.

ಹೀಗೆ ಒಂದು ತಿಂಗಳು ಕಳೆದಿರಬೇಕು. ಒಂದು ಬೆಳಿಗ್ಗೆ ನಂಜಕ್ಕ ಬಂದಳು. ಜಗುಲಿಯ ಮೇಲೆ ಒಲೆ ಹೂಡಿ, ಮೊದಲ ಬಸ್ಸಿಗೆ ಹೋಗುವವರಿಗೆ ಇಡ್ಲಿ ಮಾರಿ ಬದುಕುವ ಹೆಂಗಸು. ಅವಳ ಮನೆಗೂ ನಮ್ಮ ಮನೆಗೂ ಬೀದಿಯ ದೊಡ್ಡ ಪೈಪಿನಿಂದ ಒಂದೇ ಕವಲು.

"ಮೇಷ್ಟ್ರಪ್ಪ, ನೀರು ಬರ್ನಿಲ್ಲ ಕಣ. ಬರದಿದ್ರ ಓಗ್ಲಿ, ನನ್ ನಲ್ಲಿ ಬಟ್ಟ ಒಳಿಕ್ಕ ಓಯ್ತದ. ಯಾವತ್ತೂ ಬಟ್ಟ ಉಬ್ತಿತ್ತು, ಈಗ ಕೆನ್ನ ಒಳಿಕ್ಕ ಎಳ್ಕಂಡಂಗ ಆಯ್ತದ. ಉಸ್ ಅಂತದ ಬ್ಯಾರೆ. ಅದ್ಯಾಕಪ್ಪ?"

ಯಾರಾದರೂ ಯಾಕೆ ಎಂದು ಕೇಳಿದರೆ ಮೇಷ್ಟ್ರಿಗೆ ಆಗುವ ಸಂತೋಷ ನಿಮಗೆ ಗೊತ್ತಿರಲಿಕ್ಕಿಲ್ಲ. ಅವಳನ್ನು ಜಗುಲಿಯ ಮೇಲೆ ಕೂರಿಸಿದೆ. ಪೈಪಿನೊಳಗಿನ ಒತ್ತಡ ಹೊರಗಿನ ಗಾಳಿಯ ಒತ್ತಡಕ್ಕಿಂತ ಕಡಿಮೆಯಾದಾಗ ಗಾಳಿ ಒಳಕ್ಕೆ ನುಗ್ಗುತ್ತದೆ, ಇದಕ್ಕೆ ನಿರ್ವಾತ ಎಂದು ಹೆಸರು, ಎಲ್ಲೋ ಒಂದು ಕಡೆ ಯಾವುದೋ ಶಕ್ತಿ ಹೀರುತ್ತಿರಬೇಕು ಎಂದು ಲೋಟ, ರಟ್ಟು ಎಲ್ಲ ತಂದು ಪ್ರಯೋಗ ಸಮೇತ ತೋರಿಸಿದೆ. ನಾನು ಹೀಗೆ ಬೋಧಿಸುತ್ತಿರುವಾಗ ಒಳಗಿನಿಂದ ಗುಂಯ್ ಎಂಬ ಸದ್ದು ಬರುತ್ತಲೇ ಇತ್ತು. ಅದರಿಂದ ನನ್ನ ಪಾಠಕ್ಕೆ ಅಡ್ಡಿಯಾಯಿತೆಂದು ಎದ್ದು ಹೋಗಿ ಬಾಗಿಲು ಮುಚ್ಚಿ ಬಂದೆ. ನಂಜಕ್ಕ ಎಲ್ಲ ಕೇಳಿ, ನನ್ನ ಮುಖವನ್ನೇ ಒಂದು ಗಳಿಗೆ ನೋಡಿ, "ಆಯ್ತು ಬುಡಪ್ಪ" ಎಂದು ಎದ್ದುಹೋದಳು.

ಮತ್ತೆರಡು ತಿಂಗಳು ಕಳೆಯುವಷ್ಟರಲ್ಲಿ ಕೆಳಗಿನ ಏಳು ಮನೆಯವರಿಗೂ ನೀರಿಲ್ಲವಾಯಿತು. ನಂಜಕ್ಕ ದೂರದ ಬೋರ್‌ವೆಲ್‌ನಿಂದ ಹೊತ್ತು ತಂದು ಅರ್ಧ ಹಿಟ್ಟು ಮಾತ್ರ ರುಬ್ಬತೊಡಗಿದಳು. ಬೀದಿಯವರು ಓದಿದವನೆಂದು ನನ್ನ ಹತ್ತಿರ ಬಂದರು. ನಾನು ಅರ್ಜಿ ಬರೆದೆ. ಬರೆದೆ ಎಂದರೆ ಸಾಲದು, ರಚಿಸಿದೆ. ನೀರು ಬಿಡುವ ವಾಲ್ವ್‌ಮನ್ ಸಿದ್ದರಾಜು ಎಂಬವನು ಕರ್ತವ್ಯಲೋಪ ಮಾಡುತ್ತಿದ್ದಾನೆ, ವಾಲ್ವನ್ನು ಪೂರ್ತಿ ತೆರೆಯುತ್ತಿಲ್ಲ, ಶಿಸ್ತುಕ್ರಮ ಜರುಗಿಸಬೇಕು ಎಂಬುದು ಮೊದಲ ಮೂರು ಅಂಶ. ನಾಲ್ಕನೆಯದಿಲ್ಲದೆ ಅರ್ಜಿಗೆ ತೂಕ ಬರಲಿಲ್ಲ. ಒಂದು ಲೋಟ ಶುದ್ಧ ನೀರು ಕುಡಿದು ಹೀಗೆ ಬರೆದೆ: "ಸಾರ್ವಜನಿಕ ನೀರಿನ ಕೊಳವೆಗೆ ಯಂತ್ರಗಳನ್ನು ಅಳವಡಿಸಿಕೊಂಡು, ನೆರೆಹೊರೆಯವರ ಬಾಯಾರಿಕೆಯನ್ನು ಲೆಕ್ಕಿಸದೆ ತಮ್ಮ ಪಾತ್ರೆಗಳನ್ನು ತುಂಬಿಕೊಳ್ಳುವ ಸ್ವಾರ್ಥಿಗಳು ಯಾರೇ ಆಗಿರಲಿ, ಯಾವ ಮುಲಾಜೂ ಇಲ್ಲದೆ ಅವರ ಸಂಪರ್ಕವನ್ನು ಕಡಿದುಹಾಕಬೇಕಾಗಿ ಪ್ರಾರ್ಥನೆ." ಬೀದಿಯವರ ಮುಂದೆ ಎರಡು ಸಲ ಓದಿದೆ. ನನ್ನ ಪಂಪು ಆಗ ನೆನಪಿಗೆ ಬರಲಿಲ್ಲವೇ ಎಂದರೆ, ಬಂದಿತ್ತು. ಆದರೆ ನಮ್ಮದು ಮೋಟಾರಲ್ಲವಲ್ಲ.

ಸಿದ್ದರಾಜು ನನ್ನ ಹಳೆಯ ಶಿಷ್ಯ. ಹಂಗಳದವನು. ಒಂದು ಸಲ ತರಗತಿಯಲ್ಲಿ ನಾನು ಪರಂಗಿ ಎಲೆಯ ದಂಟುಗಳನ್ನು ಲೋಟಕ್ಕಿಟ್ಟು ನೀರು ಹೀರುವುದು ಹೇಗೆಂದು ತೋರಿಸುತ್ತಿದ್ದೆ. ಅವನು ಎದ್ದು ನಿಂತು, "ಸಾ, ಎರಡು ದಂಟ ಒಂದಕ್ಕೇ ಸೇರ್ಸಿ, ಒಬ್ಬ ಜೋರಾಗ್ ಹೀರುದ್ರ, ಇನ್ನೊಬ್ಬನ್ ದಂಟಲ್ಲಿ ಏನಾಯ್ತದ?" ಎಂದು ಕೇಳಿದ. "ಪರೀಕ್ಷೆಗೆ ಬರಲ್ಲ, ಕೂತ್ಕೊ" ಎಂದೆ. ಆ ವರ್ಷ ಅವನು ಎಸ್ಸೆಸ್ಸೆಲ್ಸಿಯಲ್ಲಿ ವಿಜ್ಞಾನದಲ್ಲಿ ಫೇಲಾದ. ಆಮೇಲೆ ನೀರಿನ ಆಫೀಸಿನಲ್ಲಿ ದಿನಗೂಲಿಗೆ ಸೇರಿ, ಹೆಗಲ ಮೇಲೆ ಕಬ್ಬಿಣದ ಉದ್ದನೆ ಕೀಲಿ ಹೊತ್ತು, ದಿನಾ ಬೆಳಿಗ್ಗೆ ಸೈಕಲ್ಲಿನಲ್ಲಿ ಬಂದು ಬೀದಿ ಬೀದಿಗೆ ನೀರು ಬಿಡುತ್ತಿದ್ದ.

ಅರ್ಜಿ ಹೋದ ವಾರಕ್ಕೆ ಅವನು ಮನೆಗೆ ಬಂದ. ಒಳಗೆ ಬಾ ಎಂದರೂ ಬರದೆ ಗುಂಡಿಯ ಪಕ್ಕದಲ್ಲೇ ನಿಂತ.

"ಸಾ, ಏಳ್ ವರ್ಸ ಆಯ್ತು ದಿನಗೂಲೀಲಿ. ನನ್ನ ಕಾಯಂ ಮಾಡೋ ಫೈಲು ಈಗ ಎಂಜಿನಿಯರ್ ಸಾಯೇಬ್ರ ಮೇಜ್ ಮ್ಯಾಲ ಅದ. ಅದ್ರ ಮ್ಯಾಲ ನಿಮ್ ಅರ್ಜಿ ಕುಂತದ. ಬುದುವಾರ ಅವ್ರೇ ನೋಡಕ್ಕ ಬತ್ತರ. ತಪ್ಪು ನಂದೇ ಅಂತ ಬರ್ಕಂಡ್ರ ಫೈಲು ವಾಪಸ್ ಓಯ್ತದ ಸಾ."

"ಸಿದ್ದರಾಜು, ಇದು ನಿನ್ನ ನನ್ನ ವಿಷಯವಲ್ಲ. ಸಾರ್ವಜನಿಕ ಹಿತ" ಎಂದೆ.

"ವಾಲು ಪೂರ್ತಿ ತೆಗೀತೀನಿ ಸಾ, ನಮ್ಮವ್ವನಾಣೆ. ನೀರು ಬತ್ತದ. ಮ್ಯಾಗ್ಲಿಂದ ನಿಮ್ ಮನ ತಂಕ ಚೆಂದಾಗೇ ಬತ್ತದ. ಇಲ್ಲಿಂದ ಮುಂದಕ್ಕ ಓಗೋದೇ ಇಲ್ಲ." ಅಷ್ಟು ಹೇಳಿ ನಮ್ಮ ಗುಂಡಿಯಿಂದ ಅಡಿಗೆಮನೆಗೆ ಹೋಗುವ ಪೈಪನ್ನು ನೋಡಿದ. ನಾನೂ ನೋಡಿದೆ. ಗಾರೆಯವನು ಪೈಪನ್ನು ಸ್ವಲ್ಪ ಸೊಟ್ಟ ಕೂರಿಸಿದ್ದಾನೆ ಎಂದುಕೊಂಡೆ.

ಬುಧವಾರ ಎಂಜಿನಿಯರು ಚಾಮರಾಜನಗರದಿಂದ ಜೀಪಿನಲ್ಲಿ ಬಂದಿಳಿದರು. ಬೀದಿಯೆಲ್ಲ ನಂಜಕ್ಕನ ಗುಂಡಿಯ ಸುತ್ತ ಸೇರಿತು. ನಾನು ಇಸ್ತ್ರಿ ಮಾಡಿದ ಅಂಗಿ ತೊಟ್ಟು ಮುಂದೆ ನಿಂತಿದ್ದೆ. ಬೆಳಗಿನ ಸರದಿ ಮುಗಿದಿದ್ದರೂ ಪರೀಕ್ಷೆಗೆಂದು ಸಿದ್ದರಾಜು ಬೀದಿಯ ತುದಿಯ ವಾಲ್ವನ್ನು ಪೂರ್ತಿ ತೆಗೆದು, ಕೀಲಿ ಹೊತ್ತುಕೊಂಡು ನಮ್ಮ ಹತ್ತಿರ ಬಂದ. ಸ್ವಲ್ಪ ಹೊತ್ತಿಗೆ ಪೈಪು ಗೊಳಗೊಳ ಎಂದಿತು. ನಂಜಕ್ಕನ ಕೆಂಪಂಚಿನ ಬಟ್ಟೆ ಉಬ್ಬಿತು, ಅದರೊಳಗಿಂದ ಕಿರುಬೆರಳು ಗಾತ್ರದ ನೀರು ಬಿಂದಿಗೆಗೆ ಬಿತ್ತು.

"ಬರ್ತಾ ಇದೆಯಲ್ರೀ ಮೇಷ್ಟ್ರೇ" ಎಂದರು ಎಂಜಿನಿಯರು.

ನನಗೆ ಸ್ವಲ್ಪ ಇರುಸುಮುರುಸಾಯಿತು. ಮಾತು ಬದಲಿಸಲು, ಬಿಸಿಲಲ್ಲಿ ಬಂದ ದೊಡ್ಡವರಿಗೆ ಉಪಚಾರ ಮಾಡಲು, ಹಾಗೂ ಈ ತಾಲ್ಲೂಕಿನಲ್ಲೂ ಜಿಲ್ಲಾ ಮಟ್ಟದ ಸೌಕರ್ಯವಿದೆ ಎಂದು ತೋರಿಸಲು, ಮನೆಯ ಕಡೆ ತಿರುಗಿ ಕೂಗಿ ಹೇಳಿದೆ: "ಗೌರೀ, ಸಾಹೇಬ್ರಿಗೆ ಒಂದು ಲೋಟ ಫಿಲ್ಟರ್ ನೀರು ಹಿಡಿದು ತಾ."

ಒಳಗೆ ಗುಂಯ್ ಎಂದಿತು. ಗುಂಡಿಯಲ್ಲಿ ನೀರಿನ ಎಳೆ ತೆಳುವಾಯಿತು, ತೊಟ್ಟಿಕ್ಕಿತು, ನಿಂತಿತು. ಉಬ್ಬಿದ್ದ ಬಟ್ಟೆ ಜೋತುಬಿತ್ತು. ಆಮೇಲೆ ಉಸ್ ಎಂಬ ಸದ್ದಿನೊಂದಿಗೆ ಒಳಕ್ಕೆ ಕುಸಿಯಿತು, ಕಟ್ಟಿದ್ದ ದಾರ ಸಡಿಲಿತು, ನಾವೆಲ್ಲ ನೋಡುತ್ತಿದ್ದಂತೆ ಕೆಂಪಂಚು ಸಮೇತ ಪೈಪಿನೊಳಕ್ಕೆ ಹೊರಟುಹೋಯಿತು.

ನನಗೆ ಆಗ, ಆ ಕ್ಷಣಕ್ಕೆ, ಎಷ್ಟೋ ವರ್ಷದ ಹಿಂದಿನ ಪರಂಗಿ ದಂಟು ಕಣ್ಣ ಮುಂದೆ ಬಂತು. ಒಬ್ಬ ಜೋರಾಗಿ ಹೀರಿದರೆ ಇನ್ನೊಬ್ಬನ ದಂಟಿನಲ್ಲಿ ಏನಾಗುತ್ತದೆ ಎಂಬ ಪ್ರಶ್ನೆಗೆ ಉತ್ತರ ಸಿಕ್ಕಿತ್ತು. ಸಿದ್ದರಾಜು ನನ್ನನ್ನೇ ನೋಡುತ್ತಿದ್ದ. ಅವನಿಗೆ ಉತ್ತರ ಮೊದಲೇ ಗೊತ್ತಿತ್ತು.

"ಏನಯ್ಯ ಇದು? ವಾಲ್ವ್ ಸರಿಯಾಗಿ ತೆಗೆದಿಲ್ವಾ?" ಎಂಜಿನಿಯರು ಅವನ ಮೇಲೆ ಹರಿಹಾಯ್ದರು.

ಅವನು ಬೆರಳು ತೋರಿಸಿದ್ದರೆ ಸಾಕಿತ್ತು. ನಮ್ಮ ಅಡಿಗೆಮನೆ ಹತ್ತು ಮಾರು ದೂರದಲ್ಲಿ ಗುಂಯ್ಗುಡುತ್ತಿತ್ತು. ಅವನು ತಲೆ ತಗ್ಗಿಸಿ, "ಲೈನಲ್ಲಿ ಗಾಳಿ ಇಡ್ಕಂಡದ ಸಾ. ನೋಡ್ತೀನಿ" ಎಂದ.

ಎಂಜಿನಿಯರು ಪುಸ್ತಕದಲ್ಲಿ ಏನೋ ಬರೆದುಕೊಂಡರು. ನಾನು ಬಾಯಿ ಬಿಡಲಿಲ್ಲ. ಗೌರಿ ತಂದ ಲೋಟವನ್ನು ಅವರು ಕುಡಿದು, "ನೀರು ಚೆನ್ನಾಗಿದೆ" ಎಂದು ಜೀಪು ಹತ್ತಿದರು. ಅಂಥ ಹೇಡಿತನವನ್ನು ನಾನು ಅದಕ್ಕೆ ಮುಂಚೆ ಮಾಡಿರಲಿಲ್ಲ ಎಂದು ಹೇಳಲಾರೆ. ಆದರೆ ನಡುಬೀದಿಯಲ್ಲಿ, ಇಸ್ತ್ರಿ ಅಂಗಿಯಲ್ಲಿ, ಶಿಷ್ಯನ ಮುಂದೆ ಮಾಡಿದ್ದು ಅದೇ ಮೊದಲು.

ಜೀಪು ಮರೆಯಾಗುವುದಕ್ಕೂ ಪಂಪು ಕಿರುಚಿಕೊಂಡು ನಿಲ್ಲುವುದಕ್ಕೂ ಸರಿಹೋಯಿತು. ಜನ ಚದುರಿದ ಮೇಲೆ ಸಿದ್ದರಾಜು ಕರೆಯದೆಯೇ ಒಳಗೆ ಬಂದ. ನಾಲ್ಕು ನಟ್ಟು ಬಿಚ್ಚಿ, ಎರಡು ಬೆರಳು ಹಾಕಿ, ಪಂಪಿನ ಬಾಯಿಂದ ಆ ಬಟ್ಟೆಯನ್ನು ಹೊರಕ್ಕೆಳೆದ. ಹಿಂಡಿ, ಕೊಡವಿ, ನಾಲ್ಕು ಮಡಿಕೆ ಮಾಡಿ ಅಂಗೈ ಮೇಲಿಟ್ಟುಕೊಂಡ.

"ನಾನ್ ಕೊಟ್ಬುಡ್ಲಾ, ನೀವೇ ಕೊಟ್ಟೀರಾ ಸಾ?"

ಅಷ್ಟೇ ಕೇಳಿದ್ದು. ನಾನು ಕೈ ಚಾಚಿದೆ. ಅವನು ಬಟ್ಟೆ ಕೊಟ್ಟು ಸೈಕಲ್ ಹತ್ತಿಕೊಂಡು ಹೋದ.

ಬಟ್ಟೆ ಕೈಗೆ ಬಂದ ಮೇಲೂ ನನ್ನ ತಲೆಯೊಳಗಿನ ಅರ್ಜಿ ಬರೆಯುವವನು ಸುಮ್ಮನಿರಲಿಲ್ಲ. ಪಂಪನ್ನು ಸದ್ದಿಲ್ಲದೆ ಅಟ್ಟಕ್ಕೆ ಹಾಕಿದರೆ ನಾಳೆಯಿಂದ ನೀರು ತಾನಾಗಿ ಬರುತ್ತದೆ, ಸಮಸ್ಯೆ ಬಗೆಹರಿದಿದೆ ಎಂದು ಎರಡು ಸಾಲು ಗೀಚಿದರೆ ಸಿದ್ದರಾಜುವಿನ ಫೈಲೂ ಹೇಗೋ ದಾಟುತ್ತದೆ, ಬಟ್ಟೆಯನ್ನು ಒಲೆಗೆ ಹಾಕಿದರೆ ಯಾರಿಗೂ ಏನೂ ಗೊತ್ತಾಗುವುದಿಲ್ಲ. ಹೀಗೆ ಮೂರು ಅಂಶ ಸಿದ್ಧವಾಗಿ ನಾಲ್ಕನೆಯದಕ್ಕೆ ಹುಡುಕುತ್ತಿರುವಾಗ ಅವ್ವ ಬಂದು ಬಟ್ಟೆಯನ್ನು ನನ್ನ ಕೈಯಿಂದ ತೆಗೆದುಕೊಂಡಳು. ಅಂಚು ನೋಡಿದಳು. ಯಾರದೆಂದು ಕೇಳುವ ಅಗತ್ಯವಿರಲಿಲ್ಲ. ಸೋಪು ಹಾಕಿ ಒಗೆದು, ಎಲ್ಲರಿಗೂ ಕಾಣುವ ಹಾಗೆ ನಮ್ಮ ಅಂಗಳದ ತಂತಿಯ ಮೇಲೆ ಹರವಿದಳು.

"ಬಂದ ಜಾಗಕ್ಕೇ ಬುಡ್ಬೇಕು ಕಣ್ಲಾ, ಮಗ" ಎಂದಳು.

ಒಣಗಿದ ಮೇಲೆ ನಾನೇ ಹೊತ್ತು ನಡೆದೆ. ಹತ್ತು ಮಾರು ದಾರಿ. ನಂಜಕ್ಕ ಉದ್ದಿನಬೇಳೆ ಆರಿಸುತ್ತಿದ್ದಳು. ಬಟ್ಟೆ ಚಾಚಿ, "ನಂಜಕ್ಕ, ಇದು ನಮ್ಮ ಪಂಪಿನಲ್ಲಿ ಸಿಕ್ಕಿತು. ನೀರು ಎಳೆಯುತ್ತಿದ್ದದ್ದು ನಾನೇ" ಎಂದೆ.

"ಗೊತ್ತು ಕಣಪ್ಪ. ನಿಮ್ ಮಿಷಿನ್ನು ಗುಂಯ್ ಅಂದಾಗ್ಲೆಲ್ಲ ನನ್ ಬಟ್ಟ ಒಳಿಕ್ಕ ಓಯ್ತಿತ್ತು."

"ಗೊತ್ತಿದ್ದೂ ಯಾಕೆ ಹೇಳಲಿಲ್ಲ?"

"ಯೋಳಕ್ಕ ಬಂದಿದ್ನಲ್ಲ. ನೀವು ಪಾಠ ಮಾಡುದ್ರಿ" ಎಂದಳು. ಕೋಪದಿಂದ ಹೇಳಿದ್ದರೆ ನನಗೆ ಸ್ವಲ್ಪ ಹಗುರಾಗುತ್ತಿತ್ತು.

ಮರುದಿನ ಪಂಪನ್ನು ಬಿಚ್ಚಿ ಮೂಲೆಗಿಟ್ಟು, ಶಾಲೆಗೆ ರಜಾ ಹಾಕಿ ಚಾಮರಾಜನಗರಕ್ಕೆ ಹೋದೆ. ಎಂಜಿನಿಯರ ಮುಂದೆ ನಿಂತು ನಡೆದದ್ದನ್ನೆಲ್ಲ ಹೇಳಿದೆ. ಅವರು ಸಮಾಧಾನವಾಗಿ ಕೇಳಿಸಿಕೊಂಡು, "ಬಾಯಿಮಾತು ಫೈಲಿಗೆ ಸೇರಲ್ಲ ಮೇಷ್ಟ್ರೇ. ಬರೆದುಕೊಡಿ" ಎಂದರು. ಹಿಂದಿನ ಅರ್ಜಿ ಎರಡು ಪುಟ ಇತ್ತು. ಇದು ನಾಲ್ಕೇ ಸಾಲಿಗೆ ಮುಗಿಯಿತು. ಅವರು ಅದನ್ನು ಸಿದ್ದರಾಜುವಿನ ಫೈಲಿಗೆ ಸೇರಿಸಿ, ನನ್ನ ಹಳೆಯ ಅರ್ಜಿಯನ್ನು ತೆಗೆದು ನಾಲ್ಕನೇ ಅಂಶದ ಕೆಳಗೆ ಕೆಂಪು ಶಾಯಿಯಲ್ಲಿ ಗೀಟೆಳೆದರು. "ಇದು ನೀವೇ ಬರೆದದ್ದು ತಾನೇ? ಭಾಷೆ ಚೆನ್ನಾಗಿದೆ" ಎಂದರು. ಮಾವನವರ ಮನೆ ಅಲ್ಲಿಂದ ಎರಡೇ ಬೀದಿ. ಆ ದಿನ ನಾನು ಅಲ್ಲಿಗೆ ಹೋಗದೆ, ಜಿಲ್ಲಾಕೇಂದ್ರದಲ್ಲಿ ಒಂದು ಲೋಟ ನೀರನ್ನೂ ಕುಡಿಯದೆ ಬಸ್ಸು ಹತ್ತಿದೆ.

ತಿಂಗಳೊಳಗೆ ಸಿದ್ದರಾಜು ಕಾಯಂ ಆದ. ಆದದ್ದು ನಮಗೆ ಗೊತ್ತಾದದ್ದು ಅವನು ಹೊಸ ಖಾಕಿ ತೊಟ್ಟು ನಮ್ಮ ಮನೆಯ ಮುಂದೆ ಬಂದು ನಿಂತಾಗ. ಕೈಯಲ್ಲಿ ಒಂದು ನೋಟೀಸು.

"ಸಾ, ಇದ ಬೀದಿಯೋರ್ಗ ಕೇಳಂಗ ಓದಿ, ಸೈನ್ ತಕ್ಕಂಡು ಬಾ ಅಂದವ್ರ. ಬರ್ದಿರೋ ಕನ್ನಡ ಗಟ್ಟಿ ಅದ, ನನ್ ನಾಲ್ಗ ತಿರುಗಲ್ಲ. ನೀವೇ ಓದ್ಬುಡಿ."

ಜನ ಸೇರಿದರು. ನಾನು ನಮ್ಮ ಗುಂಡಿಯ ಮೆಟ್ಟಿಲ ಮೇಲೆ ನಿಂತು ಓದಿದೆ. ಸಾರ್ವಜನಿಕ ನೀರಿನ ಕೊಳವೆಗೆ ಯಂತ್ರ ಅಳವಡಿಸಿಕೊಂಡು, ನೆರೆಹೊರೆಯವರ ಬಾಯಾರಿಕೆಯನ್ನು ಲೆಕ್ಕಿಸದೆ ತಮ್ಮ ಪಾತ್ರೆಗಳನ್ನು ತುಂಬಿಕೊಂಡ ಕಾರಣಕ್ಕೆ, ಯಾವ ಮುಲಾಜೂ ಇಲ್ಲದೆ, ಸದರಿ ಮನೆಯ ಸಂಪರ್ಕವನ್ನು ಒಂದು ತಿಂಗಳು ಕಡಿದುಹಾಕಲಾಗಿದೆ. ಎಂಜಿನಿಯರು ಒಂದಕ್ಷರವನ್ನೂ ಹೊಸದಾಗಿ ಬರೆಯುವ ಶ್ರಮ ತೆಗೆದುಕೊಂಡಿರಲಿಲ್ಲ.

ಓದಿ ಮುಗಿಸಿದಾಗ ನಂಜಕ್ಕ ಗಲ್ಲದ ಮೇಲೆ ಕೈಯಿಟ್ಟುಕೊಂಡು ಕೇಳಿದಳು: "ಯಾರಪ್ಪ ಬರ್ದವ್ರು? ಏಟ್ ಚೆಂದಾಗ್ ಬರ್ದವ್ರ."

ಬೀದಿ ನಕ್ಕಿತು. ನನಗೂ ನಗು ಬಂತು, ಕಣ್ಣಲ್ಲಿ ನೀರೂ ಬಂತು. ಸಿದ್ದರಾಜು ಮಾತ್ರ ನಗದೆ ಗುಂಡಿಗೆ ಇಳಿದು, ನಮ್ಮ ಪೈಪನ್ನು ಗರಗಸದಲ್ಲಿ ಕೊಯ್ದು, ಬಾಯಿಗೆ ಹೊಸ ದಿಂಡು ಜಡಿದ. ಮೇಲೆ ಬಂದು ನೋಟೀಸಿನ ಕೆಳಗೆ ತನ್ನ ಸಹಿ ಹಾಕಿದ. ನಿಧಾನವಾಗಿ, ಒಂದೊಂದೇ ಅಕ್ಷರ. "ಕಾಯಂ ಆದ್ ಮ್ಯಾಲ ಇದೇ ಮೊದುಲ್ನೇ ಸೈನು ಸಾ" ಎಂದ. ಅದರ ಕೆಳಗೆ ನಾನು ನನ್ನ ಸಹಿ ಹಾಕಿದೆ.

ಮರುದಿನ ಬೆಳಿಗ್ಗೆ ಎಂದಿನಂತೆ ಬೀದಿಗೆ ನೀರು ಬಂತು. ಕೆಳಗಿನ ಏಳು ಮನೆಗೂ ಬಂತು, ನಮಗೆ ಮಾತ್ರ ಇಲ್ಲ. ಅವ್ವ ಹಂಡೆಯಲ್ಲಿ ಉಳಿದಿದ್ದ ನೀರಿನಲ್ಲಿ ಮಿಂದು, ಒದ್ದೆ ಸೀರೆಯಲ್ಲಿ, ಬರಿದಾದ ಬಿಂದಿಗೆ ಹಿಡಿದು, ಪೂಜೆಗೆ ನೀರಿಲ್ಲದೆ ಜಗುಲಿಯ ಮೇಲೆ ನಿಂತಿದ್ದಳು. ನಾನು ಒಳಗಿನಿಂದ ಅವಳನ್ನು ನೋಡುತ್ತಿದ್ದೆ, ಹೊರಗೆ ಬರುವ ಧೈರ್ಯವಿರಲಿಲ್ಲ. ಆಗ ನಂಜಕ್ಕ ತನ್ನ ಗುಂಡಿಯಿಂದ ತುಂಬಿದ ಬಿಂದಿಗೆಯನ್ನು ಸೊಂಟದ ಮೇಲೆ ಹೊತ್ತು ಬಂದು, ಅವ್ವನ ಬಿಂದಿಗೆಗೆ ಬಗ್ಗಿಸಿದಳು. ಅದೇ ಕೆಂಪಂಚಿನ ಬಟ್ಟೆಯಲ್ಲಿ ಸೋಸಿ ಬಂದ ನೀರು.

ಅವ್ವ ಅದನ್ನು ಎತ್ತಿಕೊಂಡು ನೇರ ದೇವರ ಮನೆಗೆ ಹೋದಳು. ಗೂಟದ ಮೇಲೆ ಅಪ್ಪನ ಪಂಚೆಯ ಚೂರು ನೇತಾಡುತ್ತಿತ್ತು. ಅವಳು ಅದನ್ನು ಮುಟ್ಟಲಿಲ್ಲ.